ಲಿಂಕ್ ಒತ್ತಿದವನಿಗೆ ₹100, ಅಂಗಡಿಯವರ ಖಾತೆಗೆ ಬೀಗ: ಆಫರ್ ದುಡ್ಡಿನ ಹಿಂದಿರೋ ಲೆಕ್ಕ ಏನು?

ರಾಣೇಬೆನ್ನೂರು: ನಮ್ಮ ಓಣಿಯ ಕಿರಾಣಿ ಅಂಗಡಿ ಗಲ್ಲಾ ಮೇಲೆ ಈಗ ಒಂದು ರಟ್ಟಿನ ಬೋರ್ಡ್ ಇದೆ. 'ಸ್ಕ್ಯಾನ್ ಮಾಡಿ ಕ್ಯಾಶ್ ಕೇಳಬೇಡಿ' ಅಂತ ಸ್ಕೆಚ್ ಪೆನ್ನಲ್ಲಿ ಬರೆದಿದ್ದಾರೆ. ಮೂರು ತಿಂಗಳ ಹಿಂದೆ ಈ ಬೋರ್ಡ್ ಇರಲಿಲ್ಲ. ಹುಡುಗರು ಬಂದು "ಕಾಕಾ, ಸಾವಿರ ರೂಪಾಯಿ ಹಾಕ್ತೀನ್ರಿ, ಕ್ಯಾಶ್ ಕೊಡ್ರಿ" ಅಂದ್ರೆ ಕಾಕಾ ಕೊಡ್ತಿದ್ರು. ಎಟಿಎಂ ದೂರ, ಹುಡುಗರು ಪರಿಚಯದವರು, ಹತ್ತಿಪ್ಪತ್ತು ರೂಪಾಯಿ ಮುರಿದುಕೊಂಡ್ರೆ ತಮಗೂ ಚಹಾ ಖರ್ಚು.

ಒಂದಿನ ಬೆಳಿಗ್ಗೆ ದಾವಣಗೆರೆ ಹೋಲ್‌ಸೇಲ್‌ನವರಿಗೆ ದುಡ್ಡು ಕಳಿಸೋಕೆ ಹೋದ್ರೆ ಹೋಗಲಿಲ್ಲ. ನೆಟ್‌ವರ್ಕ್ ಇರಬೇಕು ಅಂತ ಎರಡು ಸಲ ನೋಡಿ ಬ್ಯಾಂಕಿಗೆ ಹೋದ್ರು. ಅಲ್ಲಿ ಗೊತ್ತಾಗಿದ್ದು ಏನಂದ್ರೆ, ಬೇರೆ ರಾಜ್ಯದ ಸೈಬರ್ ಪೊಲೀಸರ ಸೂಚನೆ ಮೇಲೆ ಖಾತೆ ತಡೆಹಿಡಿಯಲಾಗಿದೆ. ಕಾರಣ: ₹3,200. ಯಾರೋ ಕಳೆದುಕೊಂಡ ದುಡ್ಡಿನ ಒಂದು ತುಣುಕು ಮೂರ್ನಾಲ್ಕು ಖಾತೆ ದಾಟಿ ಕಾಕಾ ಅವರ ಕ್ಯೂಆರ್ ಕೋಡ್‌ಗೆ ಬಂದಿತ್ತು. ಸ್ಕ್ಯಾನ್ ಮಾಡಿದ್ದು ನಮ್ಮ ಓಣಿಯದೇ ಪಿಯುಸಿ ಹುಡುಗ. ಅವನು 'ಆನ್‌ಲೈನ್ ಆಫರ್' ಮಾಡಿ ದುಡಿತಿದ್ದ. ಅವನ ಪ್ರಕಾರ ಅದು ದುಡಿಮೆ.

ಆ ಹುಡುಗನಿಗೆ ಮೊದಲ ಸಲ ಇಂಥ ಗ್ರೂಪ್ ತೋರಿಸಿದವನು ನಾನೇ. ಅದನ್ನ ಮುಚ್ಚಿಟ್ಟು ಈ ವರದಿ ಬರೆಯೋದು ಸರಿಯಲ್ಲ. ಹಾಗಾಗಿ ಮೊದಲೇ ಹೇಳಿಬಿಡ್ತೀನಿ.

ಇದು ಶುರುವಾಗಿದ್ದು ಎಲ್ಲಿಂದ?

ಆಫರ್ ದುಡ್ಡು ಅಂದ ಕೂಡಲೇ ಮೋಸ ಅಂತ ತೀರ್ಮಾನ ಮಾಡೋಕೆ ಆಗಲ್ಲ. ಈ ಅಭ್ಯಾಸ ಹಚ್ಚಿದವರಲ್ಲಿ ಸರ್ಕಾರವೂ ಇದೆ, ದೊಡ್ಡ ಕಂಪನಿಗಳೂ ಇವೆ. ನೋಟು ರದ್ದಾದ ಮೇಲೆ 2016ರ ಡಿಸೆಂಬರ್ 30ಕ್ಕೆ ಭೀಮ್ ಆ್ಯಪ್ ಬಂತು. 2017ರ ಏಪ್ರಿಲ್ 14ರಂದು ಕೇಂದ್ರ ಸರ್ಕಾರ ಅದಕ್ಕೆ ರೆಫರಲ್ ಬೋನಸ್ ಘೋಷಿಸಿತು. ಹೊಸಬರನ್ನ ಸೇರಿಸಿದವರಿಗೂ ₹10, ಸೇರಿದವರಿಗೂ ₹10. ಅಂಗಡಿಯವರಿಗೆ ಬೇರೆ ಕ್ಯಾಶ್‌ಬ್ಯಾಕ್. ಎರಡೂ ಯೋಜನೆಗೆ ಸೇರಿ ಆರು ತಿಂಗಳಿಗೆ ₹495 ಕೋಟಿ ಇಟ್ಟಿದ್ರು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗೂಗಲ್‌ನ ತೇಜ್ ಬಂತು. ಈಗ ನಾವು ಗೂಗಲ್ ಪೇ ಅಂತೀವಲ್ಲ, ಅದೇ. ಒಬ್ಬರನ್ನ ಸೇರಿಸಿದ್ರೆ ಇಬ್ಬರಿಗೂ ₹51. ಸ್ಕ್ರ್ಯಾಚ್ ಕಾರ್ಡ್ ಉಜ್ಜೋದು ಆಗಲೇ ನಮ್ಮ ಕೈಗೆ ಅಂಟಿದ್ದು. 2019ರ ದೀಪಾವಳಿ ನೆನಪಿದೆಯಾ? ಐದು ಸ್ಟ್ಯಾಂಪ್ ಕೂಡಿಸಿದ್ರೆ ₹251 ಅಂತ ಆಫರ್ ಇತ್ತು. ನಾಲ್ಕು ಸುಲಭಕ್ಕೆ ಸಿಗ್ತಿತ್ತು, ರಂಗೋಲಿ ಮಾತ್ರ ಸಿಗ್ತಿರಲಿಲ್ಲ. "ರಂಗೋಲಿ ಐತೇನಲೇ?" ಅಂತ ಕೇಳದ ಹುಡುಗ ಇಡೀ ಕಾಲೇಜಲ್ಲಿ ಇರಲಿಲ್ಲ.

ಕಂಪನಿಗಳು ಯಾಕೆ ಕೊಟ್ಟವು? ದಾನ ಅಲ್ಲ. ಒಬ್ಬ ಹೊಸ ಗಿರಾಕಿ ಸಿಗೋಕೆ ಟಿವಿ, ಪೇಪರ್, ಕ್ರಿಕೆಟ್ ಜಾಹೀರಾತಿಗೆ ಹೇಗೂ ಖರ್ಚು ಮಾಡಬೇಕು. ಅದರಲ್ಲಿ ಒಂದು ಪಾಲನ್ನ ನೇರ ಜನರ ಕೈಗೆ ಕೊಟ್ಟು 'ನೀವೇ ನಿಮ್ಮ ಅಣ್ಣ-ತಮ್ಮಂದಿರನ್ನ ಕರ್ಕೊಂಡು ಬನ್ನಿ' ಅಂದ್ರು. ಜನ ಒಮ್ಮೆ ಒಳಗೆ ಬಂದ ಮೇಲೆ ಕ್ಯಾಶ್‌ಬ್ಯಾಕ್ ಕಡಿಮೆ ಆಯ್ತು. ₹51 ಇದ್ದದ್ದು ₹3 ಆಯ್ತು, ಆಮೇಲೆ ಯಾವುದೋ ವೆಬ್‌ಸೈಟಿನ ಕೂಪನ್ ಆಯ್ತು. ಹೊಸ ಅಂಗಡಿ ತೆರೆದಾಗ ಮೊದಲ ವಾರ ಸಕ್ಕರೆ ಅಸಲಿಗಿಂತ ಕಡಿಮೆ ರೇಟಿಗೆ ಮಾರಿ, ಆಮೇಲೆ ಮಾಮೂಲಿ ರೇಟಿಗೆ ಬರ್ತಾರಲ್ಲ, ಅದೇ ಲೆಕ್ಕ. ವ್ಯಾಪಾರಸ್ಥರಿಗೆ ಇದನ್ನ ಬಿಡಿಸಿ ಹೇಳೋದು ಬೇಕಿಲ್ಲ.

ನನ್ನ ಡೈರಿ ಲೆಕ್ಕ

ನಾನು ಬಿ.ಕಾಂ ಎರಡನೇ ವರ್ಷಕ್ಕೆ ಬಿಟ್ಟವನು. 2022ರಲ್ಲಿ ಕೈಲಿ ಕೆಲಸ ಇರಲಿಲ್ಲ, ಮೊಬೈಲ್ ಇತ್ತು. ಟೆಲಿಗ್ರಾಂನಲ್ಲಿ 'ಲೂಟ್ ಆಫರ್' ಅನ್ನೋ ಹೆಸರಿನ ಚಾನೆಲ್‌ಗಳಿಗೆ ಸೇರಿದೆ. ದಿನಾ ಲಿಂಕ್ ಬರ್ತಿತ್ತು. ಈ ಆ್ಯಪ್ ಇನ್‌ಸ್ಟಾಲ್ ಮಾಡಿದ್ರೆ ₹15, ಈ ಆಟದಲ್ಲಿ ಹತ್ತನೇ ಲೆವೆಲ್ ದಾಟಿದ್ರೆ ₹60, ಡಿಮ್ಯಾಟ್ ಖಾತೆ ತೆಗೆಸಿದ್ರೆ ₹200, ಕ್ರೆಡಿಟ್ ಕಾರ್ಡ್ ಪಾಸಾದ್ರೆ ಅದಕ್ಕೂ ಜಾಸ್ತಿ.

ಮೊದಲ ವಾರ ₹540 ಬಂತು. ಅವ್ವನಿಗೆ ತೋರಿಸಿದೆ. ಅವ್ವ ನಂಬಲಿಲ್ಲ, ಕಿರಾಣಿ ಸಾಮಾನು ತಂದು ಕೊಟ್ಟ ಮೇಲೆ ನಂಬಿದ್ರು. ಎರಡನೇ ವಾರದಿಂದ ನನ್ನ ಹೆಸರಲ್ಲಿ ಮಾಡೋ ಆಫರ್ ಮುಗೀತು. ಯಾಕಂದ್ರೆ ಒಬ್ಬರಿಗೆ ಒಂದೇ ಸಲ. ಆಗ ಅವ್ವನ ನಂಬರ್, ಚಿಕ್ಕಮ್ಮನ ಆಧಾರ್, ಗೆಳೆಯನ ಪ್ಯಾನ್. ಎಲ್ಲರೂ ಓಟಿಪಿ ಹೇಳಿದ್ರು, ಯಾಕಂದ್ರೆ ಕೇಳಿದ್ದು ನಾನು.

ನಾಲ್ಕು ತಿಂಗಳು ಡೈರಿ ಬರೆದಿಟ್ಟಿದ್ದೆ. ಒಟ್ಟು ಬಂದದ್ದು ₹6,350. ಫೋನು, ದಾಖಲೆ ಕೊಟ್ಟವರಿಗೆ ಪಾಲು ₹1,500. ಮೂರು ತಿಂಗಳ ರೀಚಾರ್ಜ್ ₹717. ಒಂದು ಆ್ಯಪ್‌ನ '₹1 ಟ್ರಯಲ್' ಒಪ್ಪಿಕೊಂಡು ಮರೆತಿದ್ದಕ್ಕೆ ಆಟೋಪೇನಲ್ಲಿ ಹೋದದ್ದು ₹199. ಉಳಿದದ್ದು ₹3,934. ದಿನಕ್ಕೆ ಮೂರು ಗಂಟೆ ಅಂದ್ರೂ 120 ದಿನಕ್ಕೆ 360 ಗಂಟೆ. ಗಂಟೆಗೆ ₹11 ಕೂಡ ಬೀಳಲಿಲ್ಲ. ದಿನಕ್ಕೆ ಎಂಟು ಗಂಟೆ ಹಿಂಗೇ ಕೂತರೂ ₹88 ಆಗಲ್ಲ. ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕದ ಕೂಲಿ ದಿನಕ್ಕೆ ₹370 ಇತ್ತು.

ಈ ಲೆಕ್ಕ ಯಾವ ಚಾನೆಲ್‌ನವರೂ ಹೇಳಲ್ಲ. ಅವರು ಹಾಕೋದು ₹10,000 ಬಂದ ಸ್ಕ್ರೀನ್‌ಶಾಟ್ ಮಾತ್ರ. ಆ ದುಡ್ಡು ಆಫರ್ ಮಾಡಿದವನದ್ದಲ್ಲ, ಚಾನೆಲ್ ನಡೆಸುವವನದ್ದು. ಅವನ ಲಿಂಕ್ ಒತ್ತಿದ ಸಾವಿರ ಹುಡುಗರ ಪಾಲು ಅದು.

ಒಂದು ಲಿಂಕ್, ನಾಲ್ಕು ದಲ್ಲಾಳಿ

ಎಪಿಎಂಸಿ ಕಂಡವರಿಗೆ ಇದು ಬೇಗ ಅರ್ಥ ಆಗ್ತದೆ. ಮೇಲೆ ಕಂಪನಿ ಇರ್ತದೆ, ಅದಕ್ಕೆ ಹೊಸ ಗಿರಾಕಿ ಬೇಕು. ಅದರ ಕೆಳಗೆ ಜಾಹೀರಾತು ಏಜೆನ್ಸಿ, 'ಒಂದು ಖಾತೆಗೆ ಇಷ್ಟು' ಅಂತ ಗುತ್ತಿಗೆ ಹಿಡಿದಿರ್ತದೆ. ಅದರ ಕೆಳಗೆ 'ದುಡ್ಡು ದುಡಿಯಿರಿ' ಅನ್ನೋ ಆ್ಯಪ್. ಅದರ ಕೆಳಗೆ ಟೆಲಿಗ್ರಾಂ ಚಾನೆಲ್. ಕಟ್ಟಕಡೆಗೆ ನಮ್ಮ ಹುಡುಗ. ಪ್ರತಿಯೊಬ್ಬರೂ ತಮ್ಮ ಕಮಿಷನ್ ಮುರಿದುಕೊಂಡು ಕೆಳಗೆ ಬಿಡ್ತಾರೆ. ಹುಡುಗನ ಕೈಗೆ ಬರೋದು ಹೊಟ್ಟು, ಆದ್ರೆ ದಾಖಲೆ, ಓಟಿಪಿ, ಸಹಿ ಎಲ್ಲಾ ಕೊಡೋದು ಅವನೇ.

ಹಾಗಾದ್ರೆ ನಷ್ಟ ಏನು, ಪುಕ್ಕಟೆ ಬಂದದ್ದಲ್ವಾ ಅಂತ ಕೇಳಬಹುದು. ಪುಕ್ಕಟೆ ಅಲ್ಲ. ಮೂರು ಕಡೆ ಬೆಲೆ ಕಟ್ಟಬೇಕಾಗ್ತದೆ.

ಒಂದು, ಸಾಲದ ಹೆಸರು. ಆಫರ್ ಸಿಗ್ತದೆ ಅಂತ ಐದಾರು ಕ್ರೆಡಿಟ್ ಕಾರ್ಡ್‌ಗೆ ಅರ್ಜಿ ಹಾಕಿದ್ರೆ ಪ್ರತಿ ಬ್ಯಾಂಕೂ ಸಿಬಿಲ್ ತೆಗೆದು ನೋಡ್ತದೆ. ಆ ನೋಡಿದ ಗುರುತು ಅಲ್ಲೇ ಉಳಿಯುತ್ತೆ. ಕಡಿಮೆ ದಿನದಲ್ಲಿ ಬಹಳ ಸಲ ನೋಡಿದ್ರೆ 'ಇವನಿಗೆ ದುಡ್ಡಿನ ತಾಪತ್ರಯ ಇದೆ' ಅಂತ ಲೆಕ್ಕ ಹಾಕಿ ಸ್ಕೋರ್ ಇಳೀತದೆ. ಆಮೇಲೆ ಬೈಕ್ ಸಾಲಕ್ಕೋ ಟ್ರ್ಯಾಕ್ಟರ್ ಸಾಲಕ್ಕೋ ಹೋದಾಗ ತೊಂದರೆ.

ಎರಡು, ಆಟೋಪೇ. ₹1ಕ್ಕೆ ಏಳು ದಿನ ಸಿನಿಮಾ ನೋಡಿ ಅಂತಾರೆ. ಆ ಒಂದು ರೂಪಾಯಿಗೆ ಹಾಕೋ ಪಿನ್ ಮುಂದಿನ ತಿಂಗಳುಗಳಿಗೂ ಒಪ್ಪಿಗೆ. ₹15,000ದವರೆಗಿನ ಆಟೋಪೇಗೆ ಪ್ರತಿಸಲ ಪಿನ್ ಬೇಕಾಗಲ್ಲ. ಬೇಡ ಅಂದ್ರೆ ಯುಪಿಐ ಆ್ಯಪ್‌ನ ಆಟೋಪೇ ವಿಭಾಗಕ್ಕೆ ಹೋಗಿ ರದ್ದು ಮಾಡಬೇಕು. ಮೊಬೈಲಿಂದ ಆ ಸಿನಿಮಾ ಆ್ಯಪ್ ಡಿಲೀಟ್ ಮಾಡಿದ್ರೆ ಆಟೋಪೇ ನಿಲ್ಲಲ್ಲ. ಹೀಗೆ ಸೇರೋದು ಸುಲಭ, ಬಿಡೋದು ಕಷ್ಟ ಅಂತ ಬಲೆ ಹೆಣೆಯೋದನ್ನ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್ 30ರ ಮಾರ್ಗಸೂಚಿಯಲ್ಲಿ 13 ಮೋಸದ ವಿನ್ಯಾಸಗಳ ಪಟ್ಟಿಗೆ ಸೇರಿಸಿದೆ. ನಿಯಮ ಇದೆ, ಆದ್ರೂ ₹1 ಆಫರ್ ಇನ್ನೂ ಬರ್ತಾನೇ ಇದೆ.

ಮೂರು, ಹೆಸರು. ಅವ್ವನ ಹೆಸರಲ್ಲಿ ತೆಗೆಸಿದ ಖಾತೆ ಯಾವುದು, ಚಿಕ್ಕಮ್ಮನ ಆಧಾರ್ ಎಲ್ಲೆಲ್ಲಿ ಹೋಗಿದೆ ಅಂತ ಇವತ್ತು ಕೇಳಿದ್ರೆ ನನ್ನ ಹತ್ರ ಪೂರ್ತಿ ಪಟ್ಟಿ ಇಲ್ಲ. ಇದು ನನಗೆ ಈಗಲೂ ಇರೋ ಭಯ.

2025ರ ಆಗಸ್ಟ್ ಆದಮೇಲೆ ಬದಲಾಗಿದ್ದು

ರೆಫರಲ್ ಹುಡುಗರಿಗೆ ದೊಡ್ಡ ಗಂಟು ಸಿಗ್ತಿದ್ದದ್ದು ರಮ್ಮಿ, ಫ್ಯಾಂಟಸಿ ಕ್ರಿಕೆಟ್ ಆ್ಯಪ್‌ಗಳಿಂದ. ಕರ್ನಾಟಕ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ದುಡ್ಡಿಟ್ಟು ಆಡೋ ಆನ್‌ಲೈನ್ ಆಟ ನಿಷೇಧಿಸಿತ್ತು. 2022ರ ಫೆಬ್ರವರಿ 14ಕ್ಕೆ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗ ರದ್ದು ಮಾಡಿತು. ಆ್ಯಪ್‌ಗಳು ಮತ್ತೆ ಜೋರಾದವು, ರೆಫರಲ್ ಕೋಡ್‌ಗಳೂ ಜೋರಾದವು.

2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಪಾಸು ಮಾಡಿತು, 22ಕ್ಕೆ ರಾಷ್ಟ್ರಪತಿ ಅಂಕಿತ ಬಿತ್ತು. ದೊಡ್ಡ ಕಂಪನಿಗಳು ದುಡ್ಡಿನ ಆಟ ನಿಲ್ಲಿಸಿದವು. ಇಂಥ ಆಟ ನಡೆಸಿದ್ರೆ 3 ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ. ಜಾಹೀರಾತು ಮಾಡಿದ್ರೂ 2 ವರ್ಷದವರೆಗೆ ಜೈಲು, ₹50 ಲಕ್ಷದವರೆಗೆ ದಂಡ ಅಂತ ಕಾಯ್ದೆಯಲ್ಲಿದೆ. ಈಗಲೂ ಯಾವುದೋ ಹೊರದೇಶದ ಬೆಟ್ಟಿಂಗ್ ಆ್ಯಪ್‌ನ ಲಿಂಕ್ ವಾಟ್ಸಾಪ್ ಸ್ಟೇಟಸ್‌ಗೆ ಹಾಕೋ ಹುಡುಗರು ಇದನ್ನ ಒಮ್ಮೆ ಓದಿಕೊಳ್ಳಬೇಕು.

ಕಾಯ್ದೆ ತಪ್ಪು ಅಂತ ನಾನು ಹೇಳ್ತಿಲ್ಲ. ಆ ಆಟಗಳಲ್ಲಿ ಮನೆ ಮುರಿದವರನ್ನ ನಮ್ಮ ತಾಲೂಕಲ್ಲೇ ನೋಡಿದ್ದೀವಿ. ಆದ್ರೆ ನಾನು ಕಂಡ ಮಟ್ಟಿಗೆ ಒಂದು ಪರಿಣಾಮ ಆಗಿದೆ. ಕಾನೂನಿನ ಒಳಗಿದ್ದ ಆಫರ್‌ಗಳು ಬತ್ತಿದವು, ಹುಡುಗರ ಅಭ್ಯಾಸ ಬತ್ತಲಿಲ್ಲ. ದಿನಾ ಸಂಜೆ ₹50-₹100 ನೋಡಿದ ಕೈ ಸುಮ್ಮನೆ ಕೂರಲ್ಲ. ಅದೇ ಚಾನೆಲ್‌ಗಳಲ್ಲಿ ಈಗ ಬರ್ತಿರೋದು 'ಪಾರ್ಟ್ ಟೈಮ್ ಟಾಸ್ಕ್'. ನಮ್ಮ ಓಣಿ ಹುಡುಗ ಸಿಕ್ಕಿಬಿದ್ದದ್ದೂ ಅಲ್ಲೇ.

ಟಾಸ್ಕ್ ಹೇಗೆ ನಡೀತದೆ?

ಮೊದಲು ವಾಟ್ಸಾಪ್‌ಗೆ ಮೆಸೇಜ್. ಗೂಗಲ್ ಮ್ಯಾಪ್‌ನಲ್ಲಿ ಒಂದು ಹೋಟೆಲ್‌ಗೆ ಐದು ಸ್ಟಾರ್ ಕೊಡಿ, ₹50. ಯೂಟ್ಯೂಬ್ ವಿಡಿಯೋ ಲೈಕ್ ಮಾಡಿ, ₹50. ಮಾಡಿದ್ರೆ ದುಡ್ಡು ನಿಜವಾಗಿಯೂ ಬರ್ತದೆ. ಇದು ಗಾಳಕ್ಕೆ ಸಿಕ್ಕಿಸೋ ಎರೆಹುಳ.

ಆಮೇಲೆ ಟೆಲಿಗ್ರಾಂ ಗ್ರೂಪ್. ಅಲ್ಲಿ 'ಪ್ರೀಪೇಯ್ಡ್ ಟಾಸ್ಕ್'. ₹1,000 ಹಾಕಿದ್ರೆ ₹1,300 ವಾಪಸ್. ಅದೂ ಬರ್ತದೆ. ಗ್ರೂಪ್‌ನಲ್ಲಿ ಇರೋ ಬಾಕಿಯವರೆಲ್ಲಾ "ನನಗೂ ಬಂತು" ಅಂತ ಸ್ಕ್ರೀನ್‌ಶಾಟ್ ಹಾಕ್ತಾರೆ. ಬಹುತೇಕ ಅವರೆಲ್ಲಾ ಅವರ ಕಡೆಯವರೇ. ಮುಂದೆ ₹5,000, ₹20,000, ₹80,000. ಇಲ್ಲಿಂದ ಪರದೆ ಮೇಲೆ ಮಾತ್ರ ದುಡ್ಡು ಬೆಳೀತದೆ, ಕೈಗೆ ಬರಲ್ಲ. ಕೇಳಿದ್ರೆ 'ನೀವು ಟಾಸ್ಕ್ ತಪ್ಪು ಮಾಡಿದ್ರಿ, ಸರಿ ಮಾಡೋಕೆ ಇನ್ನೊಂದಿಷ್ಟು ಹಾಕಿ', 'ತೆರಿಗೆ ಕಟ್ಟಿ ಬಿಡಿಸ್ಕೊಳ್ಳಿ'. ಹಾಕಿದ ದುಡ್ಡು ಬಿಡಲಾಗದೆ ಜನ ಮತ್ತೆ ಹಾಕ್ತಾರೆ. ಇಸ್ಪೀಟ್ ಅಡ್ಡೆಯಲ್ಲಿ ಸೋತವನು ಎದ್ದು ಹೋಗಲ್ಲ, ಇದೂ ಹಾಗೇ.

ಇನ್ನೊಂದು ದಾರಿ ಇದೆ. ದುಡ್ಡು ಹಾಕೋಕೆ ಇಲ್ಲದವನಿಗೆ ಬೇರೆ ಕೆಲಸ ಕೊಡ್ತಾರೆ. 'ನಿನ್ನ ಖಾತೆಗೆ ₹10,000 ಬರ್ತದೆ. ನಿನ್ನ ಕಮಿಷನ್ ಇಟ್ಕೊಂಡು ಉಳಿದದ್ದು ಈ ನಂಬರಿಗೆ ಕಳಿಸು.' ಹುಡುಗನಿಗೆ ಇದು ಆಫರ್‌ನಂಗೇ ಕಾಣ್ತದೆ. ತನ್ನ ದುಡ್ಡು ಒಂದು ಪೈಸೆ ಹೋಗಲ್ಲ, ಬರೋದೇ ಎಲ್ಲಾ. ಆದ್ರೆ ಬಂದ ಆ ಹತ್ತು ಸಾವಿರ ಯಾವುದೋ ಊರಲ್ಲಿ ಮೋಸ ಹೋದವರದ್ದು. ಪೊಲೀಸರು ಇಂಥ ಖಾತೆಗೆ ಮ್ಯೂಲ್ ಖಾತೆ ಅಂತಾರೆ, ಅಂದ್ರೆ ಹೇಸರಗತ್ತೆ ಖಾತೆ. ಹೊರೆ ಯಾರದ್ದು ಅಂತ ಗೊತ್ತಿಲ್ಲದೆ ಹೊರೋದು.

ನಮ್ಮ ಹುಡುಗ ಮಾಡಿದ್ದು ಇದೇ. ತನ್ನ ಕಮಿಷನ್ ಕೂಡಿಸಿ ₹3,200 ಆದಾಗ ಕಾಕಾ ಅಂಗಡೀಲಿ ಸ್ಕ್ಯಾನ್ ಮಾಡಿ ಕ್ಯಾಶ್ ತಗೊಂಡ.

ಇದು ಹೊಸದೂ ಅಲ್ಲ

2010-11ರಲ್ಲಿ ಸ್ಪೀಕ್ ಏಷ್ಯಾ ಅಂತ ಬಂದಿತ್ತು. ₹11,000 ಕಟ್ಟಿ, ಆನ್‌ಲೈನ್ ಸರ್ವೆ ತುಂಬಿ, ಒಂದಕ್ಕೆ ₹500 ತಗೊಳ್ಳಿ ಅಂದ್ರು. 2011ರಲ್ಲಿ ಬಿದ್ದುಹೋಯ್ತು. 2017ರ ಫೆಬ್ರವರಿಯಲ್ಲಿ ನೋಯ್ಡಾದ ಸೋಶಿಯಲ್ ಟ್ರೇಡ್ ಕಂಪನಿಯವರನ್ನ ಉತ್ತರ ಪ್ರದೇಶ ಎಸ್‌ಟಿಎಫ್ ಹಿಡೀತು. ಅಲ್ಲಿ ₹5,750ರಿಂದ ₹57,500ರ ತನಕ ಕಟ್ಟಬೇಕು, ಒಂದು ಕ್ಲಿಕ್‌ಗೆ ₹5. ಸುಮಾರು ₹3,700 ಕೋಟಿ ವ್ಯವಹಾರ ಅಂತ ಪೊಲೀಸರು ಹೇಳಿದ್ರು. ಒಳಗೆ ಇದ್ದದ್ದು ಹೊಸಬರು ಕಟ್ಟಿದ ದುಡ್ಡನ್ನೇ ಹಳಬರಿಗೆ ಹಂಚೋ ಆಟ.

ಪಕ್ಕದ ತಮಿಳುನಾಡಿನದ್ದು ಇನ್ನೂ ವಿಚಿತ್ರ. ಕೊಯಮತ್ತೂರಿನ ಮೈ ವಿ-3 ಆ್ಯಡ್ಸ್ ಅನ್ನೋ ಕಂಪನಿ, ಜಾಹೀರಾತು ನೋಡಿದ್ರೆ ದುಡ್ಡು ಅಂತ ಸದಸ್ಯರನ್ನ ಸೇರಿಸಿತು. ಪೊಲೀಸ್ ಕೇಸ್ ಆದಾಗ, 2024ರ ಜನವರಿಯಲ್ಲಿ ಸಾವಿರಾರು ಸದಸ್ಯರು ಕಂಪನಿ ಪರವಾಗಿಯೇ ಬಂದು ಸೇರಿದ್ರು. ಅವರಿಗೆ ಅಷ್ಟು ದಿನ ದುಡ್ಡು ಬಂದಿತ್ತು. ಬರ್ತಾ ಇರೋ ದುಡ್ಡು ನಿಲ್ಲಿಸಿದವರೇ ವೈರಿ ಅನ್ನಿಸಿತು. ಮೂರನೇ ವಾರ ನನ್ನನ್ನ ಯಾರಾದ್ರೂ ತಡೆದಿದ್ರೆ ನಾನೂ ಜಗಳಕ್ಕೇ ಹೋಗ್ತಿದ್ದೆ. ಹಾಗಾಗಿ ಅವರನ್ನ ದಡ್ಡರು ಅನ್ನೋಕೆ ನನಗೆ ಬಾಯಿ ಬರಲ್ಲ.

ಕೇಂದ್ರ ಗೃಹ ಇಲಾಖೆಯ ಸೈಬರ್ ವಿಭಾಗದ ಶಿಫಾರಸಿನ ಮೇಲೆ 2023ರ ಡಿಸೆಂಬರ್‌ನಲ್ಲಿ ಟಾಸ್ಕ್, ಪಾರ್ಟ್ ಟೈಮ್ ಕೆಲಸದ ಹೆಸರಿನ 100ಕ್ಕೂ ಹೆಚ್ಚು ವೆಬ್‌ಸೈಟ್ ಬಂದ್ ಮಾಡಿಸಿದ್ರು. ಆದ್ರೂ 2024ರಲ್ಲಿ ದೇಶದ ಜನ ಎಲ್ಲಾ ಥರದ ಸೈಬರ್ ಮೋಸದಲ್ಲಿ ಕಳೆದುಕೊಂಡದ್ದು ₹22,845 ಕೋಟಿ ಅಂತ ಸರ್ಕಾರವೇ ಸಂಸತ್ತಿಗೆ ಹೇಳಿದೆ. ಒಂದು ಲಿಂಕ್ ಮುಚ್ಚಿದ್ರೆ ಇನ್ನೊಂದು ಹುಟ್ಟೋಕೆ ಅರ್ಧ ಗಂಟೆ ಬೇಕಾಗಲ್ಲ.

ಅಂಗಡಿಯವರಿಗೆ ಇದರಿಂದ ಏನು?

ಬಹಳ ವ್ಯಾಪಾರಸ್ಥರು "ನಾವು ಯಾವ ಲಿಂಕೂ ಒತ್ತಲ್ಲ, ನಮಗೇನು" ಅಂತಾರೆ. ಕಾಕಾ ಕೂಡ ಯಾವ ಲಿಂಕೂ ಒತ್ತಿರಲಿಲ್ಲ.

ಮೋಸ ಹೋದವರು 1930ಕ್ಕೆ ಫೋನ್ ಮಾಡಿದ ಕೂಡಲೇ ಆ ದುಡ್ಡು ಯಾವ್ಯಾವ ಖಾತೆಗೆ ಹೋಯ್ತು ಅಂತ ಬ್ಯಾಂಕುಗಳು ಸಾಲಾಗಿ ಹಿಂಬಾಲಿಸ್ತವೆ. ಸಿಕ್ಕ ಕಡೆ ತಡೆ ಹಾಕ್ತವೆ. ವ್ಯವಸ್ಥೆ ಒಳ್ಳೆಯದೇ, ಇದರಿಂದ ಎಷ್ಟೋ ಜನರ ದುಡ್ಡು ಉಳಿದಿದೆ. ಆದ್ರೆ ಸಾಲಿನ ಕೊನೆಯಲ್ಲಿ ನಿಂತವನು ಕಳ್ಳನೋ, ಅಕ್ಕಿ ಮಾರಿದವನೋ ಅಂತ ಕಂಪ್ಯೂಟರಿಗೆ ಗೊತ್ತಾಗಲ್ಲ. ಕೆಲವು ಸಲ ಅಷ್ಟು ಮೊತ್ತಕ್ಕೆ ಮಾತ್ರ ತಡೆ, ಕೆಲವು ಸಲ ಇಡೀ ಖಾತೆಗೆ. ಕಾಕಾ ಅವರದ್ದು ಇಡೀ ಖಾತೆ 22 ದಿನ ನಿಂತಿತ್ತು. ಸಾಮಾನು ತರೋಕೆ ಕೈಸಾಲ ಮಾಡಿದ್ರು. ಮಗಳ ಕಾಲೇಜು ಫೀ ಕಟ್ಟೋ ದಿನ ದಾಟಿ ದಂಡ ಬಿತ್ತು.

ಅಕ್ಕಿ, ಎಣ್ಣೆ ಮಾರಿದ ದುಡ್ಡಾಗಿದ್ರೆ ಬಿಲ್ ತೋರಿಸಬಹುದಿತ್ತು. ಇದಕ್ಕೆ ಬಿಲ್ ಇಲ್ಲ. ಕ್ಯಾಶ್ ಕೊಟ್ಟೆ ಅಂತ ಹೇಳಿದ್ರೆ ಯಾಕೆ ಕೊಟ್ಟೆ ಅಂತ ಪ್ರಶ್ನೆ.

ಎರಡನೇ ಲೆಕ್ಕ ಜಿಎಸ್‌ಟಿದು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಸ್ಥರಿಗೆ ನೋಟಿಸ್ ಕೊಟ್ಟದ್ದು ಎಲ್ಲರಿಗೂ ನೆನಪಿದೆ. ಬೇಕರಿ, ಕಾಂಡಿಮೆಂಟ್ಸ್ ಮುಂದೆ 'ನೋ ಯುಪಿಐ' ಬೋರ್ಡ್ ಬಿದ್ದಿದ್ವು. ಸರಕು ಮಾರುವವರಿಗೆ ವರ್ಷಕ್ಕೆ ₹40 ಲಕ್ಷ, ಸೇವೆ ಕೊಡುವವರಿಗೆ ₹20 ಲಕ್ಷ ದಾಟಿದ್ರೆ ನೋಂದಣಿ ಕಡ್ಡಾಯ. ಈಗ ಲೆಕ್ಕ ಹಾಕಿ. ಹುಡುಗರು ಕ್ಯಾಶ್‌ಬ್ಯಾಕ್‌ಗೋ ಕಾರ್ಡ್ ಪಾಯಿಂಟ್‌ಗೋ ದಿನಕ್ಕೆ ₹5,000 ನಿಮ್ಮ ಕ್ಯೂಆರ್‌ನಲ್ಲಿ ತಿರುಗಿಸಿದ್ರೆ ವರ್ಷಕ್ಕೆ ₹18 ಲಕ್ಷದ ಮೇಲೆ ಆಗ್ತದೆ. ಮಾರದೇ ಇರೋ ಸರಕಿನ ವಹಿವಾಟು ನಿಮ್ಮ ಹೆಸರಲ್ಲಿ ನಿಲ್ಲುತ್ತೆ. ಹತ್ತಿಪ್ಪತ್ತು ರೂಪಾಯಿ ಕಮಿಷನ್‌ಗೆ ಇದು ಬೇಕಾ?

ಮೂರನೆಯದು, ಅಂಗಡಿಯವರಿಗೇ ಬರೋ ಆಫರ್. ₹1ಕ್ಕೆ ಸೌಂಡ್ ಬಾಕ್ಸ್ ಅಂತ ಕೊಟ್ಟು ಹೋಗ್ತಾರೆ, ಆಮೇಲೆ ಪ್ರತಿ ತಿಂಗಳು ಬಾಡಿಗೆ ಕಟ್ ಆಗ್ತಾ ಇರ್ತದೆ. 'ನಿಮಗೆ ₹2 ಲಕ್ಷ ಲೋನ್ ಪಾಸಾಗಿದೆ' ಅಂತ ಬರ್ತದೆ, ಕಂತು ದಿನಾ ವ್ಯಾಪಾರದ ದುಡ್ಡಲ್ಲೇ ಮುರೀತದೆ. ತಗೊಳ್ಳಬೇಡಿ ಅಂತಲ್ಲ. ತಿಂಗಳ ಬಾಡಿಗೆ ಎಷ್ಟು, ಬಡ್ಡಿ ಎಷ್ಟು, ವಾಪಸ್ ಮಾಡೋದು ಹೇಗೆ ಅಂತ ಕೇಳಿ, ಬರೆಸಿಕೊಂಡು ತಗೊಳ್ಳಿ.

ಹಾಗಾದ್ರೆ ಆಫರ್ ಮುಟ್ಟಲೇಬಾರದಾ?

ಮುಟ್ಟಬಹುದು. ಹೇಗೂ ತಗೊಳ್ಳೋ ಸಾಮಾನಿಗೆ, ಹೇಗೂ ಕಟ್ಟೋ ಕರೆಂಟ್ ಬಿಲ್‌ಗೆ ನಾಲ್ಕು ರೂಪಾಯಿ ವಾಪಸ್ ಬಂದ್ರೆ ಲಾಭವೇ. ನಿಜವಾಗಿಯೂ ಬೇಕಾದ ಖಾತೆ ತೆಗೆಸುವಾಗ ಬೋನಸ್ ಸಿಕ್ಕರೆ ತಗೊಳ್ಳಿ. ಉಳಿದದ್ದಕ್ಕೆ ಕೈ ಹಾಕೋ ಮುಂಚೆ ಮೂರು ಪ್ರಶ್ನೆ ಕೇಳಿಕೊಳ್ಳಿ.

ದುಡ್ಡು ಯಾವ ಕಡೆಯಿಂದ ಯಾವ ಕಡೆ ಹೋಗ್ತಿದೆ? ಕೆಲಸ ಕೊಡುವವನು ನಿಮಗೆ ಕೊಡಬೇಕು. ನೀವು ಮೊದಲು ಕಟ್ಟಬೇಕು ಅಂದ್ರೆ, ಅದು ₹1,000 ಇರಲಿ ₹100 ಇರಲಿ, ಅಲ್ಲಿಗೇ ನಿಲ್ಲಿಸಿ.

ಯಾರ ಹೆಸರು ಹೋಗ್ತಿದೆ? ಬೇರೆಯವರ ಆಧಾರ್, ಸಿಮ್, ಖಾತೆ ಬೇಕು ಅಂದ್ರೆ ಅದು ಆಫರ್ ಅಲ್ಲ. ಹಾಗೇ ನಿಮ್ಮ ಖಾತೆಗೆ ಬೇರೆಯವರ ದುಡ್ಡು ಬಂದು ಮುಂದೆ ಹೋಗಬೇಕು ಅಂದ್ರೂ ಅಲ್ಲ.

ನಾನು ಮಾಡಿದ ಕೆಲಸದಿಂದ ಯಾರಿಗೆ ಏನು ಲಾಭ? ನೋಡದ ಹೋಟೆಲ್‌ಗೆ ಐದು ಸ್ಟಾರ್ ಕೊಟ್ಟರೆ ₹50 ಯಾಕೆ ಕೊಡ್ತಾನೆ ಅಂತ ಉತ್ತರ ಸಿಗಲಿಲ್ಲ ಅಂದ್ರೆ, ಅಲ್ಲಿ ಮಾರಾಟಕ್ಕೆ ಇರೋ ಸರಕು ನೀವೇ.

ಅಂಗಡಿಯವರು ಮಾಡಬೇಕಾದ್ದು ಇಷ್ಟು: ಸಾಮಾನು ತಗೊಳ್ಳದವರ ಸ್ಕ್ಯಾನ್‌ಗೆ ಕ್ಯಾಶ್ ಕೊಡಬೇಡಿ. ವ್ಯಾಪಾರಕ್ಕೆ ಒಂದು ಖಾತೆ, ಮನೆಗೆ ಒಂದು ಖಾತೆ ಬೇರೆ ಇಟ್ಟುಕೊಳ್ಳಿ, ಒಂದು ನಿಂತರೂ ಇನ್ನೊಂದು ಇರ್ತದೆ. ದೊಡ್ಡ ಮೊತ್ತಕ್ಕೆ ಚೀಟಿಯಾದ್ರೂ ಬರೆದಿಡಿ. ಖಾತೆ ನಿಂತರೆ ಬ್ಯಾಂಕಿನಿಂದ ದೂರಿನ ನಂಬರ್, ಯಾವ ಠಾಣೆ, ಎಷ್ಟು ಮೊತ್ತ ಅಂತ ಲಿಖಿತವಾಗಿ ತಗೊಂಡು, ದಾಖಲೆ ಸಮೇತ ಆ ಠಾಣೆಗೆ ಅರ್ಜಿ ಕಳಿಸಿ. 'ಬಿಡಿಸಿ ಕೊಡ್ತೀನಿ, ಇಷ್ಟು ಕೊಡಿ' ಅಂತ ಬರೋ ಏಜೆಂಟರ ಹತ್ರ ಹೋಗಬೇಡಿ.

ದುಡ್ಡು ಕಳೆದುಕೊಂಡವರು ಮರ್ಯಾದೆಗೆ ಅಂಜಿ ಕೂರಬೇಡಿ. ತಕ್ಷಣ 1930ಕ್ಕೆ ಫೋನ್ ಮಾಡಿ, ಇಲ್ಲವೇ ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ಹಾಕಿ. ಮೊದಲ ಒಂದೆರಡು ಗಂಟೆಯಲ್ಲೇ ದುಡ್ಡು ಹಿಡಿಯೋ ಅವಕಾಶ ಹೆಚ್ಚು. ಹಾವೇರಿಯಲ್ಲಿ ಸಿಇಎನ್ ಠಾಣೆ ಇದೆ, ನೇರ ಹೋಗಬಹುದು. ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇದೆ ಅಂತ ಕೇಂದ್ರದ ಸಂಚಾರ್ ಸಾಥಿ ಪೋರ್ಟಲ್‌ನಲ್ಲಿ ನೋಡಿ, ನಿಮ್ಮದಲ್ಲದ್ದಿದ್ರೆ ಅಲ್ಲೇ ತಿಳಿಸಿ. ಮೊನ್ನೆ ಅವ್ವನ ಹೆಸರಲ್ಲಿ ನೋಡಿದೆ. ನಾಲ್ಕು ಇತ್ತು. ಅವ್ವ ಬಳಸೋದು ಒಂದೇ. ಉಳಿದ ಮೂರರಲ್ಲಿ ಎರಡು ನಾನೇ ಆಫರ್‌ಗೆ ತಗೊಂಡು ಎಸೆದದ್ದು. ಮೂರನೆಯದು ಯಾರದ್ದು ಅಂತ ಗೊತ್ತಿಲ್ಲ, ದೂರು ಹಾಕಿದ್ದೀನಿ.

ಈಗ ಎಲ್ಲಿಗೆ ಬಂದಿದೆ?

ಕಾಕಾ ಅವರ ಖಾತೆ ಬಿಟ್ಟಿದ್ದಾರೆ. ₹3,200 ಮಾತ್ರ ಇನ್ನೂ ತಡೆಯಲ್ಲೇ ಇದೆ. ಅರ್ಜಿ ಬರೆದುಕೊಟ್ಟದ್ದು ನಾನು, ಜೊತೆಗೆ ಹುಡುಗನ ಹೇಳಿಕೆಯನ್ನೂ ಅವನ ಅಪ್ಪನ ಎದುರಿಗೇ ಬರೆಸಿದ್ವಿ. ಅವನಿಗೆ ನೋಟಿಸ್ ಬಂದಿದೆ, ವಿಚಾರಣೆಗೆ ಹೋಗಿ ಬಂದ. ಮುಂದೆ ಏನಾಗ್ತದೋ ನೋಡಬೇಕು. ಅವರಪ್ಪ ಹಮಾಲಿ. "ಸರ, ಇವ ಮೊಬೈಲ್‌ನ್ಯಾಗ ಓದಾಕತ್ತಾನ ಅಂತ ತಿಳ್ಕೊಂಡಿದ್ದೆ" ಅಂದ್ರು. ಅದಕ್ಕೆ ಏನು ಹೇಳಬೇಕು ಅಂತ ನನಗೆ ತೋಚಲಿಲ್ಲ.

ಆ ಹುಡುಗನನ್ನ 2022ರಲ್ಲಿ ನನ್ನ ಲಿಂಕ್‌ನಿಂದ ಸೇರಿಸಿದಾಗ ನನಗೆ ಬಂದದ್ದು ₹20. ಡೈರಿಯಲ್ಲಿ ಅವನ ಹೆಸರಿನ ಮುಂದೆ ಹಾಗೇ ಬರೆದಿದೆ.

ಕಾಕಾಗೆ ನಾನು ಇದನ್ನೂ ಹೇಳಿದೆ. ಅವರು ಬೈಯಲಿಲ್ಲ. "ಮೊದಲ ಆ ಬೋರ್ಡ್ ಚಂದಂಗೆ ಬರದು ಕೊಡು ತಮ್ಮಾ, ನನ್ನ ಅಕ್ಷರ ಯಾರಿಗೂ ತಿಳಿಯಂಗಿಲ್ಲ" ಅಂದ್ರು. ಬರೆದು ಕೊಟ್ಟಿದ್ದೀನಿ. ನಿಮ್ಮ ಅಂಗಡಿಗೂ ಬೇಕಿದ್ರೆ ಹೇಳಿ, ಬರೆದು ಕೊಡ್ತೀನಿ. ಅದಕ್ಕೆ ರೆಫರಲ್ ಕೋಡ್ ಬೇಕಾಗಲ್ಲ.